ಕೆಸರು ಹತ್ತದ ಬೂಟು

ಇಡೀ ಬೇಸ್‌ಬಾಲ್ ಮೈದಾನಕ್ಕೆ ನಾನೊಬ್ಬನೇ ಅಂಪೈರ್. ಲೀಗಿನವರು ಇನ್ನೊಬ್ಬನಿಗೆ ಸಂಬಳ ಕೊಡುವುದಿಲ್ಲ. ದೇವರು ನನಗೆ ಬೆನ್ನಲ್ಲಿ ಕಣ್ಣು ಕೊಟ್ಟಿಲ್ಲ.

ಕೊನೆಯ ಸರದಿ, ಎರಡೂ ತಂಡ ಸಮಸಮ. ಊರ ತಂಡದ ಮಲ್ವೇನಿ ಎರಡನೇ ಬೇಸಿನಲ್ಲಿ ನಿಂತಿದ್ದ; ಮೂರನೆಯದನ್ನು ಮುಟ್ಟಿ, ಚೆಂಡು ಹೊಡೆಯುವ ಜಾಗಕ್ಕೆ ಓಡಿ ಬಂದರೆ ಗೆಲುವಿನ ಓಟ. ಹೊಡೆದ ಚೆಂಡು ಬಲಗಡೆಯ ಬೇಲಿಯತ್ತ ಹಾರಿತು. ಹಿಡಿದರೋ ಬಿಟ್ಟರೋ ನೋಡಲು ಅತ್ತ ತಿರುಗಿದೆ. ಚೆಂಡು ನೆಲಕ್ಕೆ ಬಿತ್ತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಜನ ಗೊಳ್ಳೆಂದು ನಕ್ಕರು. ತಿರುಗಿದರೆ ಮಲ್ವೇನಿ ಆಗಲೇ ಗೆಲುವಿನ ಓಟ ಮುಗಿಸಿ ನಿಂತಿದ್ದ, ಏದುಸಿರೂ ಇರಲಿಲ್ಲ.

ಮೂರನೇ ಬೇಸ್ ಕಾಯುತ್ತಿದ್ದ ಎದುರು ತಂಡದ ಕೆಸ್ಲರ್ ಓಡಿ ಬಂದ. "ಇವ್ನು ಮೂರನೇ ಬೇಸ್ ಮುಟ್ಟೇ ಇಲ್ಲ ಸ್ವಾಮಿ, ಅಡ್ಡದಾರೀಲಿ ಬಂದ. ಆ ಬೇಸಿನ ಸುತ್ತ ಪಾದ ಮುಳುಗೋ ಕೆಸರಿದೆ. ಇವ್ನ ಬೂಟು ನೋಡಿ."

ಬೂಟಿಗೆ ಬರೀ ಧೂಳು ಹತ್ತಿತ್ತು.

"ಬೂಟಿನ ಮಾತು ಬಿಡಿ," ಅಂದ ಮಲ್ವೇನಿ. "ನೀವು ಕಣ್ಣಾರೆ ನೋಡಿದ್ರಾ?"

ನೋಡಿರಲಿಲ್ಲ. ಕಾಣದ್ದಕ್ಕೆ ಅಂಪೈರ್ ಔಟ್ ಕೊಡುವಂತಿಲ್ಲ. ಓಟ ಕೊಟ್ಟೆ. ಊರ ತಂಡ ಗೆದ್ದಿತು.

ಹೊರಗೆ ಗೇಟಿನ ಬಳಿ ಶೇಂಗಾ ಮಾರುವ ಮುದುಕಿಯಿಂದ ಒಂದು ಪೊಟ್ಟಣ ತೆಗೆದುಕೊಂಡು ಜೇಬಿಗೆ ಕೈ ಹಾಕಿದೆ.

"ದುಡ್ಡು ಬೇಡಪ್ಪ," ಅಂದಳು. "ಕುರುಡ್ರ ಹತ್ರ ನಾನು ತಗೊಳ್ಳಲ್ಲ."