ನಾಲ್ಕು ಕೋಣೆಗಳ ಕಾಲು

ಶಿವದೇವಿ ಹನ್ನೊಂದು ವರ್ಷದಿಂದ ಹೈದರಾಬಾದಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದಳು. ಹೆಣ ಕೊಯ್ದು, ಚರ್ಮ ಬಿಡಿಸಿ, ಒಂದೊಂದೇ ಸ್ನಾಯುವನ್ನು ಎತ್ತಿ ಹುಡುಗರಿಗೆ ತೋರಿಸುವುದು ಅವಳ ಕೆಲಸ. ಜೀವ ಇದ್ದವರ ಮೈ ಮುಟ್ಟಿ ಔಷಧ ಕೊಟ್ಟದ್ದು ಓದು ಮುಗಿದ ಮೇಲಿನ ಒಂದೇ ವರ್ಷ. ಅತ್ತೆ ಅಂಬವ್ವ ಬೀಗರ ಮುಂದೆ 'ನಮ್ಮ ಸೊಸಿ ಡಾಕ್ಟರ್' ಎಂದು ಹೇಳಿಕೊಳ್ಳುತ್ತಿದ್ದಳಾದರೂ, ಮನೆಯಲ್ಲಿ ಯಾರಿಗಾದರೂ ನೆಗಡಿ ಬಂದರೆ ಸೀದಾ ಕಾಚಿಗೂಡದ ದತ್ತಾತ್ರೇಯ ಡಾಕ್ಟರರ ಹತ್ತಿರ ಹೋಗುತ್ತಿದ್ದಳು. ಶಿವದೇವಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

೧೯೭೯ರ ಆಗಸ್ಟಿನ ಒಂದು ಸೋಮವಾರ ಅವಳು ಕ್ಲಾಸಿನಲ್ಲಿದ್ದಾಗಲೇ ಫೋನ್ ಬಂತು. ಮೈದುನ ಬಂಡೆಪ್ಪ ಬೆಳಿಗ್ಗೆ ಏಳೂವರೆಗೆ ಕಾರ್ಖಾನೆಯ ಬಸ್ಸಿಗೆ ಕಾಯುತ್ತ ನಿಂತಿದ್ದನಂತೆ. ಕಬ್ಬಿಣದ ಸರಳು ಹೇರಿದ ತಳ್ಳುಗಾಡಿ ಇಳಿಜಾರಿನಲ್ಲಿ ಕೈತಪ್ಪಿ ಬಂದು ಅವನ ಬಲಗಾಲಿನ ಮೇಲೆ ಮಗುಚಿತ್ತು. ಮೊಣಕಾಲ ಕೆಳಗಿನ ಎಲುಬು ಮುರಿದಿದೆ, ದತ್ತಾತ್ರೇಯ ಡಾಕ್ಟರರೇ ಕೂಡಿಸಿ ಪ್ಲಾಸ್ಟರ್ ಹಾಕಿದ್ದಾರೆ, ಚಿಂತೆಯಿಲ್ಲ ಎಂದು ಸುದ್ದಿ. ಅವಳ ಗಂಡ ವೀರಭದ್ರಪ್ಪ ಆಫೀಸಿನ ಕೆಲಸಕ್ಕೆ ರಾಯಚೂರಿಗೆ ಹೋಗಿದ್ದ. ಶಿವದೇವಿ ಆಟೋ ಹಿಡಿದು ನರ್ಸಿಂಗ್ ಹೋಮ್ ತಲುಪಿದಾಗ ಹನ್ನೆರಡೂವರೆ.

ಬಂಡೆಪ್ಪನಿಗೆ ಇಪ್ಪತ್ತಾರು ವರ್ಷ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಅಲ್ಲಿಯ ವಾಲಿಬಾಲ್ ತಂಡದ ಕ್ಯಾಪ್ಟನ್. ಆಟದಲ್ಲಿ ಬೆರಳು ಮುರಿದಾಗ ತಾನೇ ಎಳೆದು ಸರಿಮಾಡಿಕೊಂಡು ಮತ್ತೆ ಆಡಿದ ಗಟ್ಟಿಗ. ಅಂಥವನು ಈಗ ಟವಲ್ ಕಚ್ಚಿಕೊಂಡು ಮಲಗಿದ್ದ. ಹಣೆಯ ಬೆವರು ದಿಂಬಿಗೆ ಇಳಿದಿತ್ತು. ನೋವಿಗೆ ಎರಡು ಇಂಜೆಕ್ಷನ್ ಆಗಲೇ ಕೊಟ್ಟಾಗಿತ್ತು. ಅಂಬವ್ವ ಅವನ ತಲೆ ನೇವರಿಸುತ್ತ ಕುಳಿತಿದ್ದಳು.

ಶಿವದೇವಿ ಪ್ಲಾಸ್ಟರಿನ ಹೊರಗೆ ಕಾಣುತ್ತಿದ್ದ ಬೆರಳುಗಳನ್ನು ಮುಟ್ಟಿ ನೋಡಿದಳು. ಬೆಚ್ಚಗಿದ್ದವು, ಬಣ್ಣವೂ ಸರಿಯಿತ್ತು. ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದಳು. ಬಂಡೆಪ್ಪ ಮೈಯೆಲ್ಲ ಬಿಲ್ಲಾಗಿ ಕೂಗಿದ ಸದ್ದಿಗೆ ಹೊರಗಿದ್ದ ನರ್ಸ್ ಓಡಿಬಂದಳು. ಅವನು ಸುಧಾರಿಸಿಕೊಂಡ ಮೇಲೆ ಶಿವದೇವಿ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನ ಸಂದಿಯನ್ನು ಉಗುರಿನಿಂದ ಗೀರಿ, ತಿಳಿಯಿತೇ ಎಂದು ಕೇಳಿದಳು.

"ಅಲ್ಲಿ ಮುಟ್ಟಿದ್ರೇನ್ರಿ ವೈನಿ? ಗೊತ್ತ ಆಗಲಿಲ್ಲ," ಎಂದ.

ಒಳಗೆ ಕಾಲು ಬಾತು ನರವನ್ನು ಒತ್ತುತ್ತಿದೆ ಎಂದು ಅವಳಿಗೆ ಹೊಳೆಯಿತು. ಹೋಗಿ ದತ್ತಾತ್ರೇಯರಿಗೆ ಹೇಳಿದಳು. ಅರವತ್ತು ದಾಟಿದ ಆ ಹಿರಿಯರು ಈ ಮನೆತನಕ್ಕೆ ಮೂವತ್ತು ವರ್ಷದಿಂದ ಕಾಕಾ ಇದ್ದಂತೆ. ಬಂಡೆಪ್ಪ ಹುಟ್ಟಿದಾಗ ಅಂಬವ್ವನ ಹೆರಿಗೆ ಮಾಡಿಸಿದವರೂ ಅವರೇ. ಅವರು ಬಂದು ಬೆರಳು ಒತ್ತಿ ನೋಡಿದರು. ಒತ್ತಿದಲ್ಲಿ ಬಿಳುಪಾಗಿ ಮತ್ತೆ ಕೆಂಪೇರಿತು. ರಕ್ತ ಚೆನ್ನಾಗಿ ಹರಿಯುತ್ತಿದೆ ಎಂದರು.

"ಎಲುಬು ಮುರದ್ರ ನೋವು ಇರೂದನ ಐತಿ. ನಿನ್ನ ಹೆಣಗೋಳು ನರಳೂದಿಲ್ಲ ನೋಡವಾ, ಅದಕ್ಕ ನಿನಗ ಹೊಸಾದು ಅನಿಸಾಕತ್ತೈತಿ."

ಮಾತಿನಲ್ಲಿ ಕುಹಕವಿರಲಿಲ್ಲ, ಮಮತೆಯೇ ಇತ್ತು. ಅದಕ್ಕೇ ಶಿವದೇವಿಗೆ ಎದುರಾಡಲು ಆಗಲಿಲ್ಲ. ಬಂದು ಸ್ಟೂಲಿನ ಮೇಲೆ ಕುಳಿತಳು. ಗೋಡೆಯ ಗಡಿಯಾರದಲ್ಲಿ ಒಂದಾಯಿತು, ಒಂದೂವರೆಯಾಯಿತು. ದತ್ತಾತ್ರೇಯರು ಊಟಕ್ಕೆ ಮನೆಗೆ ಹೋದರು. ಬಂಡೆಪ್ಪ ನರಳುತ್ತಲೇ ಇದ್ದ. ತನ್ನ ಭಯ ಬರೀ ಪುಸ್ತಕದ ಭಯವಿರಬಹುದು, ಜೀವಂತ ಕಾಲಿನ ಬಗ್ಗೆ ತನಗೇನು ಗೊತ್ತು ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಎರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ನರಳಿಕೆ ಇಳಿಯಿತು. ಬಂಡೆಪ್ಪ ಬಾಯಿಂದ ಟವಲ್ ತೆಗೆದ.

"ಈಗ ನೋವು ಕಡಿಮಿ ಆಗಾಕತ್ತೈತ್ರಿ ವೈನಿ. ಪಾದ ಜುಮ್ಮ ಅಂತೈತಿ, ಅಷ್ಟ."

ಅಂಬವ್ವ ಕಣ್ಣು ಮುಚ್ಚಿ ಬಸವಣ್ಣನಿಗೆ ಕೈಮುಗಿದಳು. ಶಿವದೇವಿ ಎದ್ದು ನಿಂತಳು. ಅವನಿಗೆ ಹಾಯೆನಿಸಿದ್ದು ಕಾಲು ಗುಣವಾಗಿ ಅಲ್ಲ, ನೋವಿನ ಸುದ್ದಿ ಒಯ್ಯುವ ನರವೇ ಒಳಗೆ ಸಾಯುತ್ತಿದೆ ಎಂದು ಅವಳಿಗೆ ಅನಿಸಿತು. ಪ್ಲಾಸ್ಟರ್ ಕತ್ತರಿಸುವ ದೊಡ್ಡ ಕತ್ತರಿ ಕೊಡು ಎಂದು ನರ್ಸನ್ನು ಕೇಳಿದಳು. ಡಾಕ್ಟರ್ ಸಾಹೇಬರಿಲ್ಲದೆ ಕೊಡಲಾರೆ ಎಂದು ನರ್ಸ್ ತೆಲುಗಿನಲ್ಲಿ ಹೇಳಿದಳು. ಅವರ ಮನೆಗೆ ಫೋನ್ ಮಾಡಿಸಿದರೆ ಯಾರೂ ಎತ್ತಲಿಲ್ಲ. ಶಿವದೇವಿ ತಾನೇ ಡ್ರೆಸ್ಸಿಂಗ್ ಕೋಣೆಗೆ ಹೋಗಿ ಕತ್ತರಿ ತಂದಳು. ಆಗ ಅಂಬವ್ವ ಮಗನ ಕಾಲಿಗೆ ಅಡ್ಡ ನಿಂತಳು.

"ಅವರು ಕೂಡಿಸಿದ ಎಲುಬು. ನೀ ಕೈ ಹಚ್ಚಬ್ಯಾಡ."

ಶಿವದೇವಿ ಅತ್ತೆಗೆ ತಿಳಿಯುವ ಹಾಗೆ ಹೇಳಿದಳು. "ಅತ್ತಿ, ಸ್ನಾಯು ಅಂದ್ರ ಮಾಂಸದ ಮುದ್ದಿ ಅಲ್ಲ. ಕೂದಲಿನಂಥಾ ಎಳಿ ಇರ್ತಾವು, ಎಳಿಗೊಂದು ಪೊರಿ. ಆ ಎಳಿ ಕೂಡಿ ಒಂದು ಕಂತಿ, ಕಂತಿಗೊಂದು ಪೊರಿ. ಅಂಥಾ ಕಂತಿ ಕೂಡಿ ಒಂದು ಸ್ನಾಯು, ಅದಕ್ಕೂ ಪೊರಿ. ಮತ್ತ ಈ ಸ್ನಾಯು ಎಲ್ಲಾ ಮೊಣಕಾಲ ಕೆಳಗ ನಾಲ್ಕು ಕೋಣಿಯೊಳಗ ಇರ್ತಾವು. ಆ ಕೋಣಿ ಗ್ವಾಡಿನೂ ಪೊರಿನ, ಆದ್ರ ಚರ್ಮದಂಗ ಹಿಗ್ಗೂದಿಲ್ಲ. ಒಳಗ ಬಾವು ಬಂದು ಜಾಗಾ ಸಾಲವಲ್ದು. ಸಣ್ಣ ಸಣ್ಣ ರಕ್ತನಾಳ ಒತ್ತಿ ಮುಚ್ಚ್ಯಾವು. ಬೆರಳು ಬೆಚ್ಚಗ ಇದ್ರೂ ಒಳಗ ಎಳಿ ಸಾಯಾಕತ್ತಾವು."

ಅಂಬವ್ವ ಸೊಸೆಯ ಮುಖವನ್ನೇ ನೋಡಿದಳು. "ನಿನಗ ಖಾತ್ರಿ ಐತೇನು?"

"ಐತಿ," ಎಂದಳು ಶಿವದೇವಿ. ಖಾತ್ರಿ ಇರಲಿಲ್ಲ. ಅಂಬವ್ವ ಪಕ್ಕಕ್ಕೆ ಸರಿದಳು.

ಪ್ಲಾಸ್ಟರ್ ಇನ್ನೂ ಪೂರ್ತಿ ಒಣಗಿರಲಿಲ್ಲವಾದರೂ ಕತ್ತರಿ ಸಲೀಸಾಗಿ ಓಡಲಿಲ್ಲ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದವು. ತುದಿಯಿಂದ ತುದಿಗೆ ಸೀಳಿ, ಒಳಗಿನ ಹತ್ತಿಯನ್ನೂ ಕತ್ತರಿಸಿ ಅಗಲಿಸಿದಾಗ ಕಾಲು ಬಾತು ಹೊಳೆಯುತ್ತಿತ್ತು. ಮುಟ್ಟಿದರೆ ಮರದ ತುಂಡು. ಪ್ಲಾಸ್ಟರ್ ಬಿಚ್ಚಿದರೂ ಗಡಸು ಇಳಿಯಲಿಲ್ಲ.

ದತ್ತಾತ್ರೇಯರು ಒಳಗೆ ಬಂದದ್ದು ಆಗ. ಸೀಳಿದ ಪ್ಲಾಸ್ಟರ್ ಕಂಡು ಅವರ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದವರು, ಬಗ್ಗಿ ಹೆಬ್ಬೆರಳಿನಿಂದ ಮೊಣಕಾಲ ಕೆಳಗೆ ಒತ್ತಿದರು. ಬೆರಳು ಒಳಗಿಳಿಯಲಿಲ್ಲ. ಇನ್ನೊಂದು ಕಡೆ ಒತ್ತಿದರು.

"ಇದು ನನ್ನ ಕೈಯಾಗಿನ ಕೆಲಸ ಅಲ್ಲ," ಎಂದರು. "ನನ್ನ ಗಾಡಿ ತಗೀತೀನಿ, ನಡೀರಿ."

ಅವರ ಹಳೆಯ ಅಂಬಾಸಡರಿನ ಹಿಂದಿನ ಸೀಟಿನಲ್ಲಿ ಬಂಡೆಪ್ಪನನ್ನು ಮಲಗಿಸಿದರು. ಸೀಳಿದ ಪ್ಲಾಸ್ಟರಿನ ಅರ್ಧ ಭಾಗವೇ ಎಲುಬಿಗೆ ಆಸರೆ. ಶಿವದೇವಿ ಸೀಟಿನ ಮುಂದೆ ಕೆಳಗೆ ಮಂಡಿಯೂರಿ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಯಾವುದೋ ಮೆರವಣಿಗೆಗೆ ರಸ್ತೆ ಕಟ್ಟಿತ್ತು. ದತ್ತಾತ್ರೇಯರು ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ. ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಬಂದಾಗ ಮೂರು ಗಂಟೆ ಮೀರಿತ್ತು.

ಡ್ಯೂಟಿಯಲ್ಲಿದ್ದ ಸರ್ಜನ್ ಪ್ರಹ್ಲಾದ ಗುಲ್ಬರ್ಗಾ ಕಡೆಯ ಮನುಷ್ಯ, ಮಾತು ಕಡಿಮೆ. ಹೆಬ್ಬೆರಳನ್ನು ಒಮ್ಮೆ ಬಗ್ಗಿಸಿ ನೋಡಿ ಥಿಯೇಟರಿಗೆ ಒಯ್ಯಲು ಹೇಳಿದರು. ಎಷ್ಟು ಹೊತ್ತಿನಿಂದ ಹೀಗಿದೆ ಎಂದು ಕೇಳಿದರು. ಶಿವದೇವಿ ಹೇಳಿದಳು. ಅವರು ಗಡಿಯಾರ ನೋಡಿ, ಅವಳನ್ನೂ ಕೈ ತೊಳೆದು ಒಳಗೆ ಬರಲು ಹೇಳಿದರು. ಸಹಾಯಕ್ಕೆ ಆ ಹೊತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮೊದಲ ಕೊಯ್ತ ಕಾಲಿನ ಹೊರಮಗ್ಗುಲಲ್ಲಿ, ಉದ್ದಕ್ಕೆ. ಚರ್ಮ ಬಿಟ್ಟುಕೊಂಡಿತು. ಕೆಳಗೆ ಬೆಳ್ಳಗಿನ ಗಟ್ಟಿ ಪೊರೆ ಡೊಳ್ಳಿನ ಚರ್ಮದ ಹಾಗೆ ಬಿಗಿದಿತ್ತು. ಪ್ರಹ್ಲಾದರು ಅದಕ್ಕೆ ಕತ್ತರಿ ಹಾಕಿ ಮೇಲಿಂದ ಕೆಳಗೆ ಸೀಳಿದಂತೆ ಒಳಗಿನ ಮಾಂಸ ತಾನಾಗಿಯೇ ಉಬ್ಬಿ ಹೊರಬಂತು. ಶಿವದೇವಿ ಅಷ್ಟು ವರ್ಷ ನೋಡಿದ ಸ್ನಾಯುವಿಗೆ ಔಷಧದ ವಾಸನೆ, ಹುಣಸೆಯ ಬಣ್ಣ. ಇದು ಬೇರೆ. ಒಂದೊಂದೇ ಕೋಣೆ ತೆರೆದರು. ಮೀನಖಂಡದ ಸ್ನಾಯು ಮೊದಲು ನೇರಳೆಯಾಗಿತ್ತು, ನೋಡುತ್ತಿದ್ದಂತೆಯೇ ಕೆಂಪೇರಿತು. ಇಕ್ಕಳದಿಂದ ಚಿವುಟಿದರೆ ಎಳೆಗಳೆಲ್ಲ ಒಮ್ಮೆಲೇ ಮುದುಡಿಕೊಂಡವು. ಮೂರು ಕೋಣೆ ಬದುಕಿದ್ದವು.

ಕಾಲಿನ ಮುಂಭಾಗದ ಕೋಣೆಯಲ್ಲಿ ಪಾದ ಎತ್ತುವ ಸ್ನಾಯುವಿನ ಮೇಲರ್ಧ ತಡವಾಗಿ ಅದುರಿತು. ಕೆಳಗರ್ಧವೂ, ಹೆಬ್ಬೆರಳು ಎತ್ತುವ ಸ್ನಾಯುವೂ ಬೇಯಿಸಿದ ಮಾಂಸದ ಬಣ್ಣಕ್ಕೆ ತಿರುಗಿದ್ದವು. ಪ್ರಹ್ಲಾದರು ಚಿವುಟಿದರು, ಕಾದರು, ಮತ್ತೆ ಚಿವುಟಿದರು.

"ಎರಡು ದಿನ ನೋಡೋಣ," ಎಂದರು.

ಎರಡು ದಿನದ ಮೇಲೂ ಅದು ಅದುರಲಿಲ್ಲ. ಸತ್ತಷ್ಟನ್ನು ಕತ್ತರಿಸಿ ತೆಗೆದರು. ತೊಡೆಯ ಚರ್ಮ ತಂದು ಗಾಯ ಮುಚ್ಚಿದರು. ಕಾಲು ಉಳಿಯಿತು. ಹೆಬ್ಬೆರಳು ಇನ್ನೆಂದೂ ಮೇಲೇಳುವುದಿಲ್ಲ, ಪಾದ ಅರೆಬರೆ ಏಳಬಹುದು, ಓಟ ಆಟ ಮುಗಿಯಿತು ಎಂದು ಪ್ರಹ್ಲಾದರೇ ಬಂಡೆಪ್ಪನಿಗೆ ಹೇಳಿದರು. ದತ್ತಾತ್ರೇಯರು ದಿನಾ ಸಂಜೆ ಬಂದು ಹಾಸಿಗೆಯ ಪಕ್ಕ ಸುಮ್ಮನೆ ಕುಳಿತು ಹೋಗುತ್ತಿದ್ದರು.

ಎಲುಬು ಕೂಡಿಕೊಂಡು ಬಂಡೆಪ್ಪ ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅಂಬವ್ವ ಒಂದೇ ಮಾತು: ಸೊಸೆ ಇರದಿದ್ದರೆ ಮಗನ ಕಾಲು ಹೋಗುತ್ತಿತ್ತು. ಶಿವದೇವಿ ಅದನ್ನು ಹತ್ತು ದಿನ ಕೇಳಿದಳು. ಹನ್ನೊಂದನೆಯ ದಿನ ಬಂಡೆಪ್ಪನ ಕೋಣೆಗೆ ಹೋಗಿ ಕುಳಿತಳು.

"ಹನ್ನೆರಡೂವರಿಗೇ ನನಗ ಗೊತ್ತಾಗಿತ್ತು, ಬಂಡೆಪ್ಪ. ಕಾಕಾರ ಮಾತು ಮೀರಾಕ ಅಂಜಿ ಒಂದು ತಾಸಿನ ಮ್ಯಾಲ ಸುಮ್ಮನ ಕುಂತೆ. ಆಗ ಎದ್ದಿದ್ರ ಇಷ್ಟು ಹೋಗತಿರಲಿಲ್ಲ."

ಬಂಡೆಪ್ಪ ಅವಳನ್ನು ನೋಡಿದ. ಗೋಡೆಯ ಕಡೆ ಹೊರಳಿದ. ನಾಲ್ಕು ದಿನ ಅವಳೊಂದಿಗೆ ಮಾತಾಡಲಿಲ್ಲ. ಏನಾಯಿತೆಂದು ವೀರಭದ್ರಪ್ಪ ಕೇಳಿದರೆ ಇಬ್ಬರೂ ಹೇಳಲಿಲ್ಲ.

ಐದನೆಯ ದಿನ ಅವಳು ಕಾಲೇಜಿನಿಂದ ಬರುತ್ತಿದ್ದಂತೆ ಅವನೇ ಕರೆದ. ಹಾಸಿಗೆಯ ಅಂಚಿಗೆ ಕುಳಿತಿದ್ದ, ಪಟ್ಟಿ ಬಿಚ್ಚಿದ ಕಾಲು ಕೆಳಗೆ ಇಳಿಬಿಟ್ಟಿದ್ದ.

"ಏನೇನ ಉಳದೈತಿ ಅನ್ನೂದು ತೋರಸ್ರಿ ವೈನಿ. ಉಳದದ್ದನ್ನ ದುಡಸೂನು."

ಶಿವದೇವಿ ಕೈಚೀಲ ಇಟ್ಟು ನೆಲದ ಮೇಲೆ ಕುಳಿತಳು. ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ ಅಂಗೈ ಇಟ್ಟು, ಪಾದ ಎತ್ತಲು ಹೇಳಿದಳು. ಬಂಡೆಪ್ಪ ಹಲ್ಲು ಕಚ್ಚಿದ. ಪಾದ ಅಲುಗಲಿಲ್ಲ. ಆದರೆ ಅಂಗೈ ಕೆಳಗೆ ಏನೋ ಸಣ್ಣಗೆ ಬಿಗಿಯಿತು.

"ಇಲ್ಲೇ ಐತಿ," ಎಂದಳು. "ಇನ್ನೊಮ್ಮೆ."