ಭೂಮಣ್ಣಿ ಬುಟ್ಟಿಯ ತುಂಡಾಗದ ಗೆರೆ

2024ರ ಅಕ್ಟೋಬರ್ 13, ಭಾನುವಾರ, ಬೆಳಿಗ್ಗೆ ಒಂಬತ್ತೂಕಾಲು ಗಂಟೆ. ರಿಪ್ಪನ್‌ಪೇಟೆಗೆ ಹತ್ತಿರದ ಒಂದು ಹಳ್ಳಿ. ಕೆಮ್ಮಣ್ಣು ಬಳಿದು ಒಣಗಿಸಿದ ಬಿದಿರಿನ ಬುಟ್ಟಿಯೊಂದನ್ನು ದುಗ್ಗಮ್ಮ ತಂದು ಸೊಸೆ ಭವ್ಯಾಳ ಮುಂದೆ ಇಟ್ಟರು.

“ಈ ಸಲ ಇದು ನಿನ್ನ ಕೈಗೆ, ಹೆಣ್ಣೇ. ನನ್ನ ಬೆರಳು ನಡುಗ್ತದೆ. ಗೆರೆ ಎಳೆದ್ರೆ ಎರೆಹುಳ ಹೋದಂಗೆ ಕಾಣ್ತದೆ.”

ಅದು ಭೂಮಣ್ಣಿ ಬುಟ್ಟಿ. ಬರುವ ಗುರುವಾರವೇ ಭೂಮಿ ಹುಣ್ಣಿಮೆ. ತೆನೆ ಹೊತ್ತ ಗದ್ದೆ ಬಸುರಿ ಹೆಣ್ಣಿದ್ದಂತೆ; ಅವಳಿಗೆ ಬಯಕೆಯ ಊಟ ಒಯ್ಯುವ ಹಬ್ಬ ಅದು. ಊಟ ಹೊರುವ ಬುಟ್ಟಿಯ ಮೇಲೆ, ಅರೆದ ಅಕ್ಕಿಯ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಚಿತ್ತಾರ ಬರೆಯುವುದು ಮನೆಯ ಹೆಂಗಸರ ಕೆಲಸ. ಈ ಬುಟ್ಟಿ ಎಂದಾದರೂ ತನ್ನ ಕೈಗೆ ಬರುತ್ತದೆಯೇ ಎಂದು ಮದುವೆಯಾಗಿ ಬಂದಾಗಿನಿಂದ ಭವ್ಯಾ ಕಾದಿದ್ದಳು. ಈಗ ಬಂದಿತ್ತು. ಅವಳ ಕಣ್ಣಂಚು ಒದ್ದೆಯಾಯಿತು.

“ಚೆಂದ ಮಾಡ್ತೀನಿ ಅತ್ತೆ” ಎಂದಳು. ಫೋನನ್ನು ಚೊಂಬಿಗೆ ಒರಗಿಸಿಟ್ಟು, ಚಿತ್ತಾರದ ವಿಡಿಯೋ ಹಾಕಿ, ಮೊದಲ ಗೆರೆ ಎಳೆದಳು.

ಟಿಂಗ್.

“ಒಂದ್ನಿಮಿಷ ಅತ್ತೆ, ಸಂಘದ ಗ್ರೂಪು.”

ನೋಡಿದರೆ ಗುಲಾಬಿ ಹೂವಿನ ಮೇಲೆ ಶುಭೋದಯ. ಕುಂಚದ ತುದಿಯಲ್ಲಿ ಬಿಳಿ ಒಣಗಿತು. ಮತ್ತೆ ಅದ್ದಿ ಎಳೆದಳು. ಟಿಂಗ್. ಯಾವುದೋ ಸೀರೆ ಅಂಗಡಿಯ ರಿಯಾಯಿತಿ. ಟಿಂಗ್. ಆಪ್ ಒಂದು ತನಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳುತ್ತಿತ್ತು. ಹಾಗೆ ಕೈಗೆ ಬಂದ ಫೋನು ಕೆಲವೊಮ್ಮೆ ಬೇಗ ಕೆಳಗಿಳಿಯಲಿಲ್ಲ. ಒಂದು ವಿಡಿಯೋದ ಬಾಲ ಹಿಡಿದು ಇನ್ನೊಂದು ಬಂತು.

ಸಂಜೆಯ ಹೊತ್ತಿಗೆ ಬುಟ್ಟಿಯ ಒಂದು ಬದಿ ಮಾತ್ರ ಆಗಿತ್ತು. ದುಗ್ಗಮ್ಮ ಬುಟ್ಟಿಯನ್ನು ಮೆಲ್ಲಗೆ ತಿರುಗಿಸಿ ನೋಡಿದರು. ಬೈಯಲಿಲ್ಲ.

“ಕೆಳಗಿನ ಕೇರಿ ಬೆಳ್ಳಮ್ಮನ ಮನೇಲಿ ಒಂದು ಬುಟ್ಟಿ ಹೆಚ್ಚಿಗೆ ಐತಂತೆ. ಈ ವರ್ಷಕ್ಕೆ ಕೇಳ್ಲಾ?”

ಬೈದಿದ್ದರೆ ಭವ್ಯಾಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಆಗಲೇ ಪಕ್ಕದ ಮನೆಯ ವಿನಯಾ ಬಂದರು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ.

“ಟೈಮೇ ಸಾಲ್ತಿಲ್ಲ ವಿನಯಕ್ಕಾ” ಎಂದಳು ಭವ್ಯಾ. “ಬೆಳಿಗ್ಗೆಯಿಂದ ಇಲ್ಲೇ ಕೂತೀನಿ. ಬೆನ್ನು ನೆಟ್ಟಗಾಗ್ತಿಲ್ಲ.”

ವಿನಯಾ ಬುಟ್ಟಿಯನ್ನು ಬೆಳಕಿಗೆ ಹಿಡಿದರು. “ಅಲ್ಲ ಮಾರಾಯ್ತಿ, ಗೆರೆ ಮಧ್ಯೆ ಇದೆಂತ ಗಂಟು?”

ಉತ್ತರ ಕೊಟ್ಟಿದ್ದು ದುಗ್ಗಮ್ಮ. “ಅದಾ? ಅದು ಶುಭೋದಯ. ಇದು ಸೀರೆ ಅಂಗಡಿ. ಇಲ್ಲಿ ದಪ್ಪ ಆಗೈತಲ್ಲ, ಅದು ಯಾರದೋ ಮನೆ ಬೆಕ್ಕು ಕುಣೀತಿತ್ತು.”

ಭವ್ಯಾಳಿಗೆ ನಗುವೂ ಬಂತು, ಅಳುವೂ ಬಂತು. “ಬೆಕ್ಕಿನದು ಎರಡೇ ನಿಮಿಷ ಅತ್ತೆ!”

“ಎರಡೇ ನಿಮಿಷ ಇರಬಹುದು” ಎಂದರು ವಿನಯಾ. “ಆದ್ರೆ ಹೋದ ಗಮನ ಫೋನ್ ಕೆಳಗಿಟ್ಟ ಕೂಡ್ಲೆ ವಾಪಸ್ ಬರಲ್ಲ. ಕಣ್ಣು ಬುಟ್ಟಿ ಮೇಲಿದ್ರೂ ತಲೆ ಇನ್ನೂ ಬೆಕ್ಕಿನ ಹಿಂದೇನೇ ಇರುತ್ತೆ. ಬೇರೆ ಕೆಲಸದಲ್ಲಾದ್ರೆ ಅದು ಕಾಣೋದಿಲ್ಲ. ಇಲ್ಲಿ ಬಿಳಿ ಒಣಗೋದ್ರಿಂದ ಕಂಡಿದೆ, ಅಷ್ಟೇ.”

ಭವ್ಯಾಳ ಗಂಡ ನಿರಂಜನ ಆಗಷ್ಟೇ ಗೂಡ್ಸ್ ಆಟೋ ನಿಲ್ಲಿಸಿ ಒಳಗೆ ಬಂದಿದ್ದ. ಕೈಯಲ್ಲಿ ಕ್ರಿಕೆಟ್ಟು ಓಡುತ್ತಿತ್ತು.

“ಟೀಚರ್ ಹೇಳೋದು ಸುಲಭ. ಫೋನ್ ಬಿಟ್ರೆ ನಂಗೆ ಬಾಡಿಗೆ ಇಲ್ಲ. ಗ್ಯಾಸು, ಕರೆಂಟ್ ಬಿಲ್ಲು, ಮಗಳ ಸ್ಕೂಲಿನ ಸುದ್ದಿ, ಎಲ್ಲಾ ಅದ್ರಲ್ಲೇ. ಬಾವಿಗೆ ಎಸೀಲಾ?”

“ಎಸೀರಿ ಅಂದ್ನಾ? ಕರೆ ಬಂದ್ರೆ ಗಂಟೆ ಹೊಡೀಲಿ. ಉಳಿದವು ಸುಮ್ಮನಿರ್ಲಿ. ನೀವು ಕೂತಾಗ ನೀವೇ ಹೋಗಿ ನೋಡಿ. ಅವು ಬಂದು ನಿಮ್ಮನ್ನ ಎಬ್ಬಿಸೋದು ಬೇಡ.” ವಿನಯಾ ಭವ್ಯಾಳ ಕಡೆ ತಿರುಗಿದರು. “ಎಲ್ಲಿ, ಫೋನ್ ತೆಗಿ. ಒಂದೊಂದನ್ನೇ ಕೇಳೋಣ, ನೀನು ಎಂತಕ್ಕೆ ಬೇಕು ಅಂತ.”

ಎಲ್ಲರೂ ಜಗಲಿಯ ಮೇಲೆ ಕೂತರು. ಗ್ಯಾಸ್ ಬುಕ್ ಮಾಡುವ ಆಪ್ ಉಳಿಯಿತು. ಸ್ಕೂಲಿನ ಗ್ರೂಪು, ಹಾಲಿನ ಡೈರಿಯ ಗ್ರೂಪು ಉಳಿದವು. ಅವುಗಳ ಸದ್ದು ಹೋಯಿತು. ಶುಭೋದಯದ ಗ್ರೂಪುಗಳಿಗೆ ಭವ್ಯಾ ಕೈಮುಗಿದು ಹೊರಬಂದಳು.

“ಇದ್ಯಾವ್ದು?” ಎಂದು ವಿನಯಾ ಕೇಳಿದರು.

“ಹೋಟ್ಲಿಂದ ಊಟ ತರ್ಸೋದು.”

“ನಮ್ಮೂರಿಗೆ ತರ್ತಾರಾ?”

“ಇಲ್ಲ. ಎಂತೆಂತ ಸಿಗುತ್ತೆ ಅಂತ ನೋಡಕೆ.”

ದುಗ್ಗಮ್ಮ ಸೆರಗು ಬಾಯಿಗಿಟ್ಟು ನಕ್ಕರು. “ನೋಡಿದ್ರೆ ಹೊಟ್ಟೆ ತುಂಬಂಗಿದ್ರೆ ನಾಳೆಯಿಂದ ಒಲೆ ಹಚ್ಚೋದು ಬ್ಯಾಡ ಬಿಡು!”

ಆ ಆಪ್ ಹೋಯಿತು. ನಿರಂಜನ ತನ್ನ ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿದ. “ಕ್ರಿಕೆಟ್ ಮಾತ್ರ ಇರ್ಲಿ ಟೀಚರೇ” ಎಂದ. “ಇರ್ಲಿ. ಊಟಕ್ಕೆ ಕೂತಾಗ ಮಾತ್ರ ಅದೂ ರೆಸ್ಟ್ ತಗೊಳ್ಳಲಿ” ಎಂದರು ವಿನಯಾ. ಅವನು ಎದ್ದು ಕೈಕಾಲು ತೊಳೆಯಲು ಬಚ್ಚಲಿಗೆ ಹೋದ.

ಸೋಮವಾರ ಬೆಳಿಗ್ಗೆ ಭವ್ಯಾ ಫೋನನ್ನು ಕೋಣೆಯ ಕಿಟಕಿಯ ಮೇಲಿಟ್ಟಳು. ಮಧ್ಯಾಹ್ನ ಉಂಡ ಮೇಲೆ ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ನೋಡುವುದು ಎಂದು ತನಗೆ ತಾನೇ ಹೇಳಿಕೊಂಡಳು. ಗಂಟು ಬಿದ್ದ ಬದಿಗೆ ಮತ್ತೆ ಕೆಮ್ಮಣ್ಣು ಬಳಿದು, ಒಣಗಿಸಿ, ಹೊಸದಾಗಿ ಶುರುಮಾಡಿದಳು. ಗೆರೆಯ ತುದಿ ಒಣಗುವ ಮೊದಲೇ ಮುಂದಿನ ಗೆರೆ ಅದನ್ನು ಸೇರಬೇಕು. ಆಗ ಮಾತ್ರ ಎರಡೂ ಒಂದಾಗುತ್ತವೆ.

ಸ್ವಲ್ಪ ಹೊತ್ತಿಗೆ ಅವಳ ಎಡಗೈ ತಾನಾಗಿ ನೆಲ ತಡವಿತು.

“ಅಲ್ಲಿಲ್ಲ ಅದು” ಎಂದರು ದುಗ್ಗಮ್ಮ, ಸೊಪ್ಪು ಸೋಸುತ್ತ.

“ವಿಡಿಯೋ ಇಲ್ದೆ ಮುಂದಿಂದು ಗೊತ್ತಾಗ್ತಿಲ್ಲ ಅತ್ತೆ.”

“ನಾನೊಬ್ಳು ಇಲ್ಲಿ ಕೂತೀನಲ್ಲೇ! ಇಲ್ಲಿಂದ ತೆನೆ ಬಾಗ್ಬೇಕು. ಹಾಂ, ಹಂಗೆ. ನಮ್ಮವ್ವ ಇಲ್ಲೊಂದು ಹಕ್ಕಿ ಕೂರ್ಸೋಳು. ಯಾಕೇಂತ ಕೇಳು.”

ಭವ್ಯಾ ಕೇಳಿದಳು. ದುಗ್ಗಮ್ಮ ಹೇಳಿದರು. ತೆನೆಯಿಂದ ಹಕ್ಕಿಗೆ, ಹಕ್ಕಿಯಿಂದ ಅವ್ವನ ತವರಿಗೆ, ಅಲ್ಲಿಂದ ತಾನು ಹುಡುಗಿಯಾಗಿದ್ದಾಗ ಅಕ್ಕಿಯ ಬಿಳಿಯನ್ನು ನಾಯಿಗೆ ಬಳಿದು ಪೆಟ್ಟು ತಿಂದ ಕಥೆಗೆ ಮಾತು ಹೋಯಿತು. ಅತ್ತೆಗೆ ಇಷ್ಟು ಮಾತು ಬರುತ್ತದೆ ಎಂದು ಸೊಸೆಗೆ ತಿಳಿದಿರಲೇ ಇಲ್ಲ.

ಮಂಗಳವಾರ ಅವಳು ಬಾಯಂಚಿನ ಸುತ್ತುಗೆರೆ ಹಿಡಿದಿದ್ದಳು. ಬುಟ್ಟಿಯ ಸುತ್ತ ಒಂದೇ ಗೆರೆ. ಅರ್ಧ ಸುತ್ತು ಬಂದಿರುವಾಗ ಒಳಗೆ ಫೋನು ಹೊಡೆದುಕೊಂಡಿತು. ಭವ್ಯಾ ಉಸಿರು ಹಿಡಿದಳು. ಗಂಟೆ ನಿಂತಿತು. ಗೆರೆ ಮುಂದುವರಿಯಿತು. ಗೆರೆಯ ತುದಿ ಬಂದು ಮೊದಲನ್ನು ಸೇರಿದ ಮೇಲೆಯೇ ಅವಳು ಎದ್ದು ಹೋಗಿ ಫೋನು ಮಾಡಿದಳು. ಕರೆ ಮಾಡಿದ್ದು ನಿರಂಜನ. ಪೇಟೆಯಿಂದ ಬೆಲ್ಲ ಎಷ್ಟು ತರಲಿ ಎಂದು ಕೇಳಬೇಕಿತ್ತಂತೆ.

“ಯಾಕೆ ಎತ್ಲಿಲ್ಲ?”

“ಗೆರೆ ಮುಗೀಲಿಲ್ಲ.”

“ಹೌದಾ? ಹಂಗಾದ್ರೆ ಸರಿ ಬಿಡು. ಬೆಲ್ಲ ಓಡಿಹೋಗಲ್ಲ” ಎಂದ. ಆ ರಾತ್ರಿ ಊಟಕ್ಕೆ ಕೂರುವ ಮೊದಲು, ಯಾರೂ ಹೇಳದೆ, ಅವನ ಫೋನೂ ಕಿಟಕಿಯ ಮೇಲೆ ಹೋಗಿ ಕೂತಿತು.

ಗುರುವಾರ ಬೆಳಕು ಹರಿಯುವ ಮೊದಲು ನಿರಂಜನ ಬುಟ್ಟಿ ತಲೆಗಿಟ್ಟುಕೊಂಡು ಗದ್ದೆಗೆ ಹೊರಟ. ಮನೆಯ ಬುಟ್ಟಿಯೇ. ಬೆಳ್ಳಮ್ಮನ ಮನೆಯದು ಬೇಕಾಗಲಿಲ್ಲ.

“ಏ, ನಿಲ್ಲಾ” ಎಂದರು ದುಗ್ಗಮ್ಮ. “ಭವ್ಯಾ, ನಿನ್ನ ಫೋನ್ ತಗಂಬಾ. ಒಂದು ಫೋಟೋ ತೆಗಿ. ಬೆಳ್ಳಮ್ಮಂಗೆ ತೋರ್ಸ್ಬೇಕು.”

ಎಲ್ಲರೂ ನಕ್ಕರು. ಒಂದೇ ಫೋಟೋ ತೆಗೆದರು. ಫೋನು ಮತ್ತೆ ಕಿಟಕಿಗೆ ಹೋಯಿತು, ಮನೆಯವರು ಗದ್ದೆಗೆ ಹೋದರು.

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಬರೆಯಬೇಕಾದ ಬುಟ್ಟಿ ಇರಲಿಕ್ಕಿಲ್ಲ. ಆದರೆ ಮುಗಿಯದ ಒಂದು ಕೆಲಸ, ಪೂರ್ತಿ ಕೇಳದ ಒಂದು ಮಾತು ಇದ್ದೇ ಇರುತ್ತದೆ. ಇಂದು ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತು ನಿಮ್ಮ ಫೋನನ್ನು ಒಮ್ಮೆ ತೆರೆದು ನೋಡಿ. ಬೇಕಾದ್ದನ್ನು ಉಳಿಸಿಕೊಳ್ಳಿ, ಬೇಡದ್ದನ್ನು ತೆಗೆಯಿರಿ. ಕರೆಗೆ ಮಾತ್ರ ಸದ್ದಿರಲಿ. ಫೋನಿಗೆ ಮನೆಯಲ್ಲಿ ಒಂದು ಜಾಗ ಗೊತ್ತುಮಾಡಿ, ಅದು ನಿಮ್ಮ ಅಂಗೈ ಆಗದಿರಲಿ. ನಾಳೆ ನಿಮಗೆ ಪ್ರಿಯವಾದ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ಒಂದೇ ಮನಸ್ಸಿನಲ್ಲಿ ಮಾಡಿ.

ಹಬ್ಬದ ಹಿಂದಿನ ಸಂಜೆ ಭವ್ಯಾಳ ಬುಟ್ಟಿಯ ಸುತ್ತುಗೆರೆಯನ್ನು ವಿನಯಾ ದಾರ ಹಿಡಿದು ಅಳೆದಿದ್ದರು. ಎಲ್ಲೂ ಗಂಟಿಲ್ಲದ ಆ ಗೆರೆಯ ಉದ್ದ ಒಂದು ಮೀಟರ್ ಹನ್ನೆರಡು ಸೆಂಟಿಮೀಟರ್.