ಲಾಂಡ್ರಿಯಿಂದ ಒಂದು ಪತ್ರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಗೆ ಒಂದೇ ಒಂದು ಕಿಟಕಿ ಇತ್ತು. ಅದೂ ಸೂರಿಗೆ ತಾಗಿಕೊಂಡು, ಮೇಲಿನ ಅಂಗಳದಲ್ಲಿ ನಡೆದಾಡುವವರ ಪಾದಗಳಷ್ಟೇ ಕಾಣುವಂತೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಿಸಿಲು ಅಲ್ಲಿಂದ ಓರೆಯಾಗಿ ಇಳಿದು, ಯಂತ್ರಗಳಿಂದೇಳುವ ಹಬೆಯೊಳಗೆ ಕರಗಿ, ಇಡೀ ಕೋಣೆ ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ಆಗ ಬಾಗಿಲಲ್ಲಿ ನಿಂತವರಿಗೆ ಲಾಂಡ್ರಿಯ ಮುಖ್ಯಸ್ಥೆ ಕಾಣುತ್ತಿರಲಿಲ್ಲ. ಬೆಡ್‌ಶೀಟಿನ ತುದಿ ಹಿಡಿದು ಕೊಡವುವ ಅವಳ ಎರಡು ಕೈಗಳು ಮಾತ್ರ ಕಾಣುತ್ತಿದ್ದವು. ಹಾಗಾಗಿ ಎಲ್ಲರೂ ಅವಳನ್ನು ಮೋಡದಕ್ಕ ಎಂದು ಕರೆಯುತ್ತಿದ್ದರು. ಅವಳ ಮನಸ್ಸೂ ಆ ಹೊತ್ತಿಗೆ ಎಲ್ಲೋ ತೇಲುತ್ತಿರುತ್ತಿದ್ದುದರಿಂದ ಹೆಸರು ಎರಡು ರೀತಿಯಲ್ಲೂ ಒಪ್ಪಿತ್ತು.

ಹದಿನೇಳು ವರ್ಷ ಬೆಡ್‌ಶೀಟು ಮಡಿಸಿದವಳಿಗೆ ಬಟ್ಟೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಹಿಂದಿನ ವರ್ಷ ಬಂದ ಹೊಸ ಶೀಟುಗಳು ಅವಳ ಬೆರಳಿಗೆ ಹಿಡಿಸಲಿಲ್ಲ. ಕಿರಿದಾದ ಎರಡು ಬಟ್ಟೆಗಳನ್ನು ಜೋಡಿಸಿ, ನಟ್ಟನಡುವೆ ಉದ್ದಕ್ಕೂ ಹೊಲಿಗೆ ಹಾಕಿದ್ದರು. ದಪ್ಪ ಹೊಲಿಗೆ. ಒಗೆದಷ್ಟೂ ಗಟ್ಟಿಯಾಗುತ್ತಿತ್ತು.

ಅದೇ ವರ್ಷ ಅವಳ ಅತ್ತೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಮೂರನೇ ಮಹಡಿಯ ವಾರ್ಡಿನಲ್ಲಿ ಹನ್ನೆರಡು ದಿನ ಮಲಗಿದರು. ಒಂದು ಸಂಜೆ ನರ್ಸಿನ ಜೊತೆ ಸೇರಿ ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿ ಬೆನ್ನು ಒರೆಸುವಾಗ ಮೋಡದಕ್ಕ ಕೈ ನಿಲ್ಲಿಸಿದಳು. ಬೆನ್ನುಮೂಳೆಯ ಪಕ್ಕಕ್ಕೆ, ಯಾರೋ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ, ನೇರವಾಗಿ ಒಂದು ಕಲೆ. ಕೆಳಗೆ ಶೀಟು ನೋಡಿದಳು. ಹೊಲಿಗೆ ಅಲ್ಲೇ ಇತ್ತು.

"ಏನೇ ಅದು, ಹಾಗೆ ನಿಂತುಬಿಟ್ಟೆ?" ಅತ್ತೆ ಕೇಳಿದರು.

"ಏನಿಲ್ಲ ಅತ್ತೆ. ನಮ್ಮ ಲಾಂಡ್ರಿ ನಿಮ್ಮ ಬೆನ್ನ ಮೇಲೆ ರುಜು ಹಾಕಿದೆ."

ಅತ್ತೆ ಹುಷಾರಾಗಿ ಮನೆಗೆ ಬಂದರು. ಆದರೆ ಆ ಗೆರೆ ಮೋಡದಕ್ಕನ ಕಣ್ಣಿನಿಂದ ಹೋಗಲಿಲ್ಲ. ಹಬೆಯೊಳಗೆ ಶೀಟು ಎತ್ತಿ ಹಿಡಿದಾಗಲೆಲ್ಲ ಅದರ ಹಿಂದೆ ಯಾರದೋ ಬೆನ್ನು ಕಂಡಂತಾಗುತ್ತಿತ್ತು. ಗುರುತಿಲ್ಲದ ಬೆನ್ನುಗಳು, ಒಂದರ ಹಿಂದೊಂದು, ಬೆಳಕಿನಲ್ಲಿ ತೇಲಿಹೋಗುತ್ತಿದ್ದವು.

ಅವಳು ಖರೀದಿ ಅಧಿಕಾರಿಗೆ ಪತ್ರ ಬರೆದಳು. ಶಾಲೆಯಲ್ಲಿ ಕಲಿತ ಹಾಗೆ, ಮರ್ಯಾದೆಯಿಂದ. ಮೊದಲ ಪುಟದ ತುಂಬ ನಮಸ್ಕಾರ, ಅವರ ಕ್ಷೇಮಸಮಾಚಾರ, ಲಾಂಡ್ರಿಗೆ ಅವರು ಈವರೆಗೆ ಮಾಡಿದ ಉಪಕಾರದ ಸ್ಮರಣೆ. ಎರಡನೇ ಪುಟದಲ್ಲಿ ಹತ್ತಿ ಬಟ್ಟೆಯ ಗುಣಗಾನ. ಹೊಲಿಗೆಯ ಸಂಗತಿ ಬಂದದ್ದು ಮೂರನೇ ಪುಟದ ಕೊನೆಯಲ್ಲಿ, ಅದೂ ತುಂಬ ಸಂಕೋಚಪಟ್ಟುಕೊಂಡು. ಉತ್ತರ ಬರಲಿಲ್ಲ. ಮರ್ಯಾದೆ ಸಾಲದೇ ಹೋಯಿತೇನೋ ಎಂದುಕೊಂಡು, ಇನ್ನಷ್ಟು ಸೇರಿಸಿ ಎರಡನೆಯದು ಬರೆದಳು. ಮೂರನೆಯದು ಐದು ಪುಟವಾಯಿತು.

ಅಷ್ಟರಲ್ಲಿ ಆಸ್ಪತ್ರೆಯವರು ವಿಭಾಗಗಳ ಮುಖ್ಯಸ್ಥರಿಗೆ ಕಚೇರಿ ಪತ್ರ ಬರೆಯುವುದನ್ನೂ ಸಭೆಯಲ್ಲಿ ವಿಷಯ ಮಂಡಿಸುವುದನ್ನೂ ಕಲಿಸುವ ತರಗತಿ ಶುರುಮಾಡಿದರು. ಪ್ರತಿ ಬುಧವಾರ ಮಧ್ಯಾಹ್ನ, ಆರು ವಾರ. ಜಾಗ ಸಿಗದೆ ಹಳೆಯ ಎಕ್ಸ್‌ರೇ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಕಡುಹಸಿರು ಗೋಡೆ, ದಪ್ಪ ಪರದೆ, ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ಗೋಡೆಯ ಮೇಲೆ ಎಕ್ಸ್‌ರೇ ಹಾಳೆ ಇಟ್ಟು ನೋಡುವ ದೀಪದ ಪೆಟ್ಟಿಗೆ ಇನ್ನೂ ಉರಿಯುತ್ತಿತ್ತು. ಅಲ್ಲಿ ಕೂತರೆ ನೀರಿನ ತಳದಲ್ಲಿ ಕೂತಂತೆ ಮೋಡದಕ್ಕನಿಗೆ ಅನ್ನಿಸುತ್ತಿತ್ತು.

ಕಲಿಸಲು ಬಂದ ಮೇಡಂ ಮೆಲುದನಿಯವರು. ಸ್ವೆಟರಿನ ಜೇಬಿನಲ್ಲಿ ಕೈ ಇಟ್ಟುಕೊಂಡೇ ಮಾತಾಡುತ್ತಿದ್ದರು. ಮೊದಲ ದಿನ ಅವರು, ನೀವು ಈಗಾಗಲೇ ಬರೆದ ಒಂದು ಪತ್ರವನ್ನು ಪಕ್ಕದವರಿಗೆ ಕೊಡಿ ಎಂದರು. ಪಕ್ಕದವರು ಒಮ್ಮೆ ಓದಿ, ಅದರಲ್ಲಿ ಏನು ಕೇಳಿದ್ದಾರೆಂದು ಹೇಳಬೇಕು. ಮೋಡದಕ್ಕ ತನ್ನ ಬಳಿ ಇಟ್ಟುಕೊಂಡಿದ್ದ ಐದು ಪುಟದ ನಕಲು ಆಸ್ಪತ್ರೆಯ ಅಡುಗೆಮನೆಯ ಮುಖ್ಯಸ್ಥನ ಕೈಗೆ ಹೋಯಿತು. ದೊಡ್ಡ ಹೊಟ್ಟೆಯ, ದೊಡ್ಡ ಮನಸ್ಸಿನ ಆ ಮನುಷ್ಯನನ್ನು ಎಲ್ಲರೂ ಸೌಟಣ್ಣ ಎನ್ನುತ್ತಿದ್ದರು. ಅವನು ತುಟಿ ಅಲುಗಿಸುತ್ತಾ ಓದಿ, ಎದ್ದು ನಿಂತ.

"ಖರೀದಿ ಸಾಹೇಬರು ಚೆನ್ನಾಗಿರ್ಲಿ ಅಂತ ಹಾರೈಸಿದ್ದಾರೆ ಮೇಡಂ. ಬಹಳ ಒಳ್ಳೆ ಹೆಂಗಸು."

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಆ ಹಾಳೆಗಳನ್ನು ತೆಗೆದುಕೊಂಡು ಒಂದೊಂದಾಗಿ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಕತ್ತಲೆಯಲ್ಲಿ ಅಕ್ಷರಗಳು ಎದ್ದು ಕಂಡವು.

"ಇದ್ರ ಮೂಳೆ ಎಲ್ಲಿದೆ, ತೋರಿಸ್ತೀರಾ?"

ಮೋಡದಕ್ಕ ಎದ್ದುಹೋಗಿ ಐದನೇ ಹಾಳೆಯ ಕೆಳಗೆ ಬೆರಳಿಟ್ಟಳು.

"ಓದುವವರು ನಿಂತ್ಕೊಂಡೇ ಓದ್ತಾರೆ ಅಂದ್ಕೊಂಡು ಬರೀರಿ," ಎಂದರು ಮೇಡಂ. "ಒಂದು ಕೈಯಲ್ಲಿ ಫೋನು, ಹೊರಗೆ ಯಾರೋ ಕಾಯ್ತಿದ್ದಾರೆ. ಅಂಥವರಿಗೆ ಮೊದಲ ಸಾಲಿನಲ್ಲೇ ಇದು ಸಿಗಬೇಕು. ಅದು ಅವರಿಗೆ ನೀವು ಕೊಡುವ ಮರ್ಯಾದೆ."

ಮರ್ಯಾದೆ ಎಂದರೆ ಹೀಗೂ ಇರಬಹುದೆಂದು ಮೋಡದಕ್ಕನಿಗೆ ಯಾರೂ ಹೇಳಿರಲಿಲ್ಲ. ಆ ವಾರವಿಡೀ ಅವಳ ತಲೆಯಲ್ಲಿ ವಾಕ್ಯಗಳು ಡ್ರಮ್ಮಿನಲ್ಲಿ ಬಟ್ಟೆ ಉರುಳುವ ಹಾಗೆ ಉರುಳಿದವು. ಬಸ್ಸಿನಲ್ಲಿ ಕೂತು ಅಂಗಡಿಗಳ ಫಲಕ ನೋಡುತ್ತಾ, ಇವರು ಹೇಗೆ ಎರಡೇ ಪದದಲ್ಲಿ ಎಲ್ಲ ಹೇಳಿಬಿಟ್ಟಿದ್ದಾರಲ್ಲ ಎಂದು ಬೆರಗಾದಳು. ತನ್ನ ನಿಲ್ದಾಣ ದಾಟಿಹೋದದ್ದು ಎರಡು ಸಲ.

ಐದನೇ ಬುಧವಾರದ ಹೊತ್ತಿಗೆ ಅವಳ ಪತ್ರ ಒಂಬತ್ತು ಸಾಲಿಗೆ ಇಳಿದಿತ್ತು. ಆರನೇ ವಾರ, ಪ್ರತಿಯೊಬ್ಬರೂ ಆಸ್ಪತ್ರೆಯ ನಿರ್ದೇಶಕಿಯ ಎದುರು ತಮ್ಮ ವಿಭಾಗದ ಒಂದು ಬೇಡಿಕೆಯನ್ನು ಮಂಡಿಸಬೇಕಿತ್ತು. ಅವಳು ಹನ್ನೊಂದು ಸ್ಲೈಡು ತಯಾರಿಸಿದಳು. ಭಾನುವಾರ ಮಧ್ಯಾಹ್ನ ಅತ್ತೆಯ ಮಂಚದ ಕಾಲ ಬಳಿ ನಿಂತು ಅಭ್ಯಾಸ ಶುರುಮಾಡಿದಳು. ಮೂರನೇ ಸ್ಲೈಡಿಗೆ ಅತ್ತೆ ಗೊರಕೆ ಹೊಡೆಯುತ್ತಿದ್ದರು.

"ಅತ್ತೆ, ಕೇಳಿಸ್ಕೋತಿದೀರಾ?"

"ಹೂಂ, ಹೇಳು ಹೇಳು. ಹತ್ತಿ ಗಿಡದವರೆಗೂ ಬಂದಿದ್ದೆ."

ಅವಳು ಹತ್ತಿ ಗಿಡ ಕಿತ್ತುಹಾಕಿದಳು. ಮತ್ತೆ ಹೇಳಿದಳು. ಅತ್ತೆ ಏಳನೆಯದಕ್ಕೆ ತೂಕಡಿಸಿದರು. ಸಂಜೆಯಾಗುವಾಗ ಮೂರು ಸ್ಲೈಡು ಉಳಿದಿದ್ದವು, ಅತ್ತೆ ದಿಂಬಿಗೊರಗಿ ಎದ್ದು ಕೂತಿದ್ದರು.

"ಈಗ ನನ್ನ ಬೆನ್ನಿನ ವಿಷಯ ಅಂತ ಗೊತ್ತಾಯ್ತು," ಎಂದರು. "ಮೊದ್ಲು ಯಾರದೋ ಮದುವೆ ಭಾಷಣ ಅಂದ್ಕೊಂಡಿದ್ದೆ ಕಣೇ."

ಸಭಾಂಗಣ ಆಸ್ಪತ್ರೆಯ ತುತ್ತತುದಿಯಲ್ಲಿತ್ತು. ನೆಲಮಾಳಿಗೆಯವಳು ಅಷ್ಟು ಎತ್ತರಕ್ಕೆ ಹೋದದ್ದೇ ಅಪರೂಪ. ಕಿಟಕಿಗಳ ಆಚೆ ನಿಜವಾದ ಮೋಡಗಳು, ಅವಸರವೇ ಇಲ್ಲದೆ ಸಾಗುತ್ತಿದ್ದವು. ಆಮೇಲೆ ಪರದೆ ಎಳೆದರು, ಪ್ರೊಜೆಕ್ಟರು ಗುಂಯ್ಗುಟ್ಟಿತು. ಮುಂದಿನ ಸಾಲಿನಲ್ಲಿ ನಿರ್ದೇಶಕಿ, ಪಕ್ಕದಲ್ಲಿ ಖರೀದಿ ಅಧಿಕಾರಿ. ಸೌಟಣ್ಣ ತನ್ನ ಹೊಸ ಒಲೆಯ ಬೇಡಿಕೆ ಮಂಡಿಸಿ, ಬೆವರೊರೆಸಿಕೊಳ್ಳುತ್ತಾ ಬಂದು ಕೂತ. ಮೋಡದಕ್ಕನ ಸರದಿ. ನಾಲ್ಕು ನಿಮಿಷ.

ಅವಳು ಹೋಗಿ ನಿಂತಳು. ಬೆಳಕು ಕಣ್ಣಿಗೆ ಹೊಡೆಯಿತು. ಎದುರಿನ ಮುಖಗಳೆಲ್ಲ ಅಳಿಸಿಹೋದವು. ಬಾಯಿಪಾಠ ಮಾಡಿದ್ದೂ ಅವುಗಳ ಜೊತೆಗೇ ಹೋಯಿತು. ಬೆಳಕಿನ ಕಂಬದಲ್ಲಿ ಧೂಳಿನ ಕಣಗಳು ಮೇಲೇರುತ್ತಿದ್ದವು, ಇಳಿಯುತ್ತಿದ್ದವು. ಎಷ್ಟು ಹೊತ್ತು ನೋಡುತ್ತಾ ನಿಂತಳೋ ಅವಳಿಗೆ ತಿಳಿಯಲಿಲ್ಲ. ಭಯ ಆಗಲಿಲ್ಲ, ಅದೇ ಅವಳಿಗೆ ಸೋಜಿಗ. ನಿದ್ದೆಗೂ ಎಚ್ಚರಕ್ಕೂ ನಡುವೆ ಇದ್ದಂತೆ, ಎಲ್ಲ ದೂರದಲ್ಲಿ, ಹಗುರವಾಗಿ ಇತ್ತು. ಯಾರೋ ಕೆಮ್ಮಿದರು. ಆಗ ಅವಳ ಬಾಯಿಂದ, ಉಳಿದದ್ದೆಲ್ಲ ಮರೆತ ಮೇಲೂ ಉಳಿದಿದ್ದ ಸಾಲು ತಾನಾಗಿ ಬಂತು.

"ಮೂರನೇ ಮಹಡಿ ವಾರ್ಡಿಗೆ ನಡುವೆ ಹೊಲಿಗೆ ಇಲ್ಲದ ಬೆಡ್‌ಶೀಟು ಬೇಕು. ಈಗಿರೋ ಹೊಲಿಗೆ ರೋಗಿಗಳ ಬೆನ್ನಿಗೆ ಒತ್ತುತ್ತೆ."

ಆಮೇಲೆ ಕಷ್ಟವಾಗಲಿಲ್ಲ. ಮೊದಲ ಸ್ಲೈಡಿನಲ್ಲಿ ಹೊಲಿಗೆಯ ಚಿತ್ರ. ಎರಡನೆಯದರಲ್ಲಿ ಅತ್ತೆ ವಾರ್ಡಿನಲ್ಲಿದ್ದಾಗ ನರ್ಸ್ ತೆಗೆದಿದ್ದ ಬೆನ್ನಿನ ಚಿತ್ರ, ಅತ್ತೆಯ ಒಪ್ಪಿಗೆಯಿಂದ. ಮೂರನೆಯದರಲ್ಲಿ ವಾರ್ಡಿನ ಹೆಡ್ ನರ್ಸ್ ಕೊಟ್ಟ ಲೆಕ್ಕ: ಹತ್ತು ದಿನಕ್ಕಿಂತ ಹೆಚ್ಚು ಮಲಗಿದ ಹದಿನಾಲ್ಕು ಮಂದಿಯಲ್ಲಿ ಏಳು ಜನರಿಗೆ ಅದೇ ಗೆರೆ.

ನಿರ್ದೇಶಕಿ ಮುಂದಕ್ಕೆ ಬಾಗಿ ಕೇಳಿದರು: "ಬೇರೆ ಮಹಡಿಗಳಲ್ಲಿ?"

"ಗೊತ್ತಿಲ್ಲ ಮೇಡಂ. ನಾನು ನೋಡಿಲ್ಲ. ನೋಡಿ ಹೇಳ್ತೀನಿ."

ಗೊತ್ತಿಲ್ಲ ಎಂದದ್ದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ. ಖರೀದಿ ಅಧಿಕಾರಿ ಮಾತ್ರ ಕಸಿವಿಸಿಗೊಂಡಿದ್ದರು. "ಇದನ್ನ ನೀವು ನನಗೆ ಮೊದಲೇ ತಿಳಿಸಬಹುದಿತ್ತಲ್ಲ?"

"ಮೂರು ಸಲ ಬರೆದಿದ್ದೆ ಸಾರ್."

ಮಧ್ಯಾಹ್ನ ಖರೀದಿ ಅಧಿಕಾರಿ ತಮ್ಮ ಕೋಣೆಗೆ ಅವಳನ್ನು ಕರೆಸಿದರು. ಮೇಜಿನ ಮೇಲೆ ಅವಳ ಮೂರೂ ಪತ್ರಗಳಿದ್ದವು. ಒಂದೂ ಕಳೆದುಹೋಗಿರಲಿಲ್ಲ. ಪ್ರತಿಯೊಂದರ ಮೂಲೆಯಲ್ಲೂ ಅವರದೇ ಕೈಬರಹದಲ್ಲಿ "ಲಾಂಡ್ರಿಯವರ ಶುಭಾಶಯ, ಧನ್ಯವಾದ ತಿಳಿಸಿ" ಎಂದಿತ್ತು.

"ಎರಡು ಪ್ಯಾರಾ ಓದಿ ಖುಷಿಪಟ್ಟು ಇಟ್ಟುಬಿಟ್ಟೆ," ಎಂದರು ಅವರು, ಕನ್ನಡಕ ತೆಗೆದು ಕೈಯಲ್ಲಿ ತಿರುಗಿಸುತ್ತಾ. "ಧನ್ಯವಾದವನ್ನೂ ತಿಳಿಸಲಿಲ್ಲ. ತಪ್ಪಾಯ್ತು."

"ನನ್ನ ತಪ್ಪೂ ಇದೆ ಸಾರ್."

ಇಬ್ಬರೂ ಆ ಹಾಳೆಗಳನ್ನು ತಿರುವಿ ನೋಡಿದರು, ಮೂರನೆಯವರು ಯಾರೋ ಬರೆದದ್ದೇನೋ ಎಂಬಂತೆ.

ಕೇಳಿದ್ದೆಲ್ಲ ಸಿಗಲಿಲ್ಲ. ಮೊದಲು ಇಪ್ಪತ್ತು ಹಾಸಿಗೆಗಳಿಗೆ, ಒಂದು ತಿಂಗಳ ಮಟ್ಟಿಗೆ ಮಾತ್ರ ನಡುವೆ ಹೊಲಿಗೆಯಿಲ್ಲದ ಶೀಟು. ವಾರಕ್ಕೊಂದು ವರದಿಯನ್ನು ಮೋಡದಕ್ಕನೇ ಬರೆಯಬೇಕು. ಅವಳು ಪ್ರತಿ ಶುಕ್ರವಾರ ವಾರ್ಡಿಗೆ ಹೋಗಿ, ನರ್ಸಿನ ಜೊತೆ ನೋಡಿ ಬಂದು ಬರೆದಳು. ಮೊದಲ ವಾರ ಹನ್ನೆರಡು ಸಾಲು, ಎರಡನೆಯದಕ್ಕೆ ಎಂಟು. ನಾಲ್ಕನೇ ವಾರದ ವರದಿ ಶುರುವಾದದ್ದು ಹೀಗೆ: "ಹೊಸ ಶೀಟಿನ ಇಪ್ಪತ್ತು ಹಾಸಿಗೆಗಳಲ್ಲಿ ಯಾರ ಬೆನ್ನಿಗೂ ಗೆರೆ ಇಲ್ಲ." ಮುಂದಿನ ಖರೀದಿಯಲ್ಲಿ ಇಡೀ ಮಹಡಿಗೆ ಅದೇ ಬಟ್ಟೆ ಎಂದು ತೀರ್ಮಾನವಾಯಿತು. ಉಳಿದ ಮಹಡಿಗಳು ಕಾಯಬೇಕಿತ್ತು. ಅವಳು ಅವುಗಳ ಪಟ್ಟಿಯನ್ನೂ ಮಾಡತೊಡಗಿದಳು.

ಆ ನಾಲ್ಕನೇ ಶುಕ್ರವಾರ ವರದಿ ಬೇಗ ಮುಗಿದು ಮೇಜಿನ ಮೇಲೆ ಒಂದು ಖಾಲಿ ಹಾಳೆ ಉಳಿಯಿತು. ಪೆನ್ನೂ ಕೈಯಲ್ಲೇ ಇತ್ತು. ಬೇರೆ ಊರಿನಲ್ಲಿದ್ದ ಅವಳ ಅಕ್ಕ ಆಗ ನೆನಪಾದಳು. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು, ಇಲ್ಲವೆಂದಲ್ಲ. ಊಟ ಆಯ್ತಾ, ಸೆಕೆ ಹೇಗಿದೆ, ಮಂಡಿನೋವು ಹೇಗಿದೆ, ಸರಿ ಇಡ್ಲಾ. ಎಂಟು ವರ್ಷದಿಂದ ಅಷ್ಟೇ, ಮುಖ ನೋಡಿರಲಿಲ್ಲ. ಮೋಡದಕ್ಕ ಹಾಳೆಯನ್ನು ಹತ್ತಿರ ಎಳೆದುಕೊಂಡು, ನಮಸ್ಕಾರವನ್ನೂ ಬರೆಯದೆ, ಮೊದಲ ಸಾಲನ್ನೇ ಬರೆದಳು.

"ಅಕ್ಕಾ, ನಿನ್ನನ್ನ ನೋಡ್ಬೇಕು ಅನ್ನಿಸ್ತಿದೆ."

ಎರಡನೇ ಸಾಲು ಹೊಳೆಯಲಿಲ್ಲ. ಬೇಕೆನ್ನಿಸಲೂ ಇಲ್ಲ. ಮಡಿಸಿ ಲಕೋಟೆಗೆ ಹಾಕಿ, ಬಸ್ ನಿಲ್ದಾಣದ ಪಕ್ಕದ ಅಂಚೆಡಬ್ಬಿಗೆ ಹಾಕಿದಳು.

ಹತ್ತು ದಿನದ ಮೇಲೆ, ಒಂದು ಶನಿವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ಒಂದು ಸಣ್ಣ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

"ಏನಾಯ್ತೇ? ಹಾಗೆ ಬರೆದಿದ್ದೀಯ, ಗಾಬರಿ ಆಗೋಯ್ತು."

"ಏನೂ ಆಗಿಲ್ಲ ಅಕ್ಕ. ಅಷ್ಟೇ ಇತ್ತು ಹೇಳೋದಕ್ಕೆ."

ಅಕ್ಕ ಅವಳ ಮುಖವನ್ನು ನೋಡಿದಳು. ಆಮೇಲೆ ಚೀಲವನ್ನು ಅವಳ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಒಳಗೆ ಬಂದಳು.